ದಿಲ್ಲಿಗೆ ಉತ್ತರ ಬರೆಯುತ್ತಿದ್ದ ಹೆಡ್ ಸರ್

ಪುಣೆಯ ಕೋಥರೂಡದ ಅವರ ಮನೆಗೆ ಹೋದಾಗ ಹೊರಗಿನ ಕೋಣೆಯಲ್ಲಿ ಫೋಟೊ ಇಟ್ಟು ಹಾರ ಹಾಕಿದ್ದರು. ಫೋಟೊದಲ್ಲಿದ್ದ ಮನುಷ್ಯ ಹಲ್ಲು ಕಾಣುವಂತೆ ನಗುತ್ತಿದ್ದ. ತಪ್ಪಿ ಬೇರೆ ಮಹಡಿಗೆ ಬಂದೆನೇನೋ ಎಂದು ಬಾಗಿಲಲ್ಲೇ ನಿಂತೆ. ಹತ್ತು ವರ್ಷ ನೋಡಿದ್ದೇನೆ, ನಮ್ಮ ಹೆಡ್ ಸರ್ ಹಲ್ಲು ನನಗೆ ಕಂಡದ್ದಿಲ್ಲ. ಎದುರಿಗಿದ್ದವರನ್ನೆಲ್ಲ ನಗಿಸಿ, ತಾವು ಮಾತ್ರ ಬಸ್ ತಪ್ಪಿಸಿಕೊಂಡವರ ಮುಖ ಮಾಡಿಕೊಂಡು ಕೂಡುವುದು ಅವರ ರೀತಿ. ಅವರ ಮಗಳು ಒಳಗಿನಿಂದ ಬಂದು, ಅದು ತನ್ನ ಮದುವೆಯಲ್ಲಿ ತೆಗೆದ ಫೋಟೊ, ಕ್ಯಾಮೆರಾದವನು ಎರಡು ತಾಸು ಬೆನ್ನು ಹತ್ತಿ ಹೇಗೋ ನಗಿಸಿದ್ದ ಎಂದಳು. ಅಳಲು ಹೋದವಳು ನಾನು. ಆ ಕ್ಯಾಮೆರಾದವನ ಪಾಡು ನೆನೆದು ಮೊದಲು ನಗೆ ಬಂತು. ಸೆರಗು ಬಾಯಿಗೆ ಹಚ್ಚಿಕೊಂಡೆ. ನೋಡಿದವರು ಅಳುತ್ತಿದ್ದಾಳೆ ಅಂದುಕೊಂಡರು. ಆಮೇಲೆ ಅದೂ ನಿಜವಾಯಿತು.

ನಾನು ಯಾದಗಿರಿ ಕಡೆಯವಳು. ಏಳನೇ ಇಯತ್ತೆಯವರೆಗೆ ಓದಿ, ಮದುವೆಯಾಗಿ ಪುಣೆಗೆ ಬಂದೆ. ಗಂಡ ಗೌಂಡಿ, ಗೋಡೆ ಕಟ್ಟುವ ಕೆಲಸ ಮಾಡುತ್ತಾರೆ. ನಾನು ಮನೆಯಲ್ಲಿ ಮಷಿನ್ ಇಟ್ಟುಕೊಂಡು ಜಂಪರ್ ಹೊಲಿಯುತ್ತೇನೆ. ಯೆರವಡಾದ ನಮ್ಮ ಓಣಿಯಿಂದ ಹತ್ತು ನಿಮಿಷ ನಡೆದರೆ ಒಂದು ಸರಕಾರಿ ಕಟ್ಟಡ. ಕೆಳಗೆ ಮರಾಠಿ ಶಾಲೆ, ಮೇಲಿನ ಮೂರು ಕೋಣೆಗಳಲ್ಲಿ ಕನ್ನಡ ಶಾಲೆ. ಗೌಂಡಿಗಳ, ಸೆಂಟ್ರಿಂಗ್ ಮಾಡುವವರ, ಇಟ್ಟಿಗೆ ಹೊರುವವರ ಮಕ್ಕಳೇ ಅಲ್ಲಿ ಎಲ್ಲ. ಆ ಶಾಲೆಯ ಹೆಡ್ ಸರ್ ಅವರು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಮಗಳ ಹೆಸರು ಹಚ್ಚಲು ಹೋಗಿದ್ದೆ. ಅವಳ ಹೆಸರು ಕೇಳಿ ಬರೆದುಕೊಳ್ಳುವ ಬದಲು ನನ್ನ ಕೈಗೆ ಖಡು ಕೊಟ್ಟು, ನೀವೇ ಹಲಗೆಯ ಮೇಲೆ ಬರೆಯಿರಿ ಎಂದರು. ಬರೆದೆ. ಸ್ವಲ್ಪ ಹೊತ್ತು ನೋಡಿ, ಅಕ್ಷರ ಹೊಲಿಗೆ ಹಾಕಿದಂಗ ಅವ, ಎಲ್ಲೂ ದಾರ ಬಿಟ್ಟಿಲ್ಲ, ಅಂದರು. ಹೊಗಳಿದರೋ ಚೇಷ್ಟೆ ಮಾಡಿದರೋ ತಿಳಿಯದೆ ಮನೆಗೆ ಬಂದೆ. ಹತ್ತು ವರ್ಷವಾದರೂ ಆ ಒಂದು ವಿಷಯ ನನಗೆ ಪೂರ್ತಿ ತಿಳಿದಿಲ್ಲ.

ಬಿಜಾಪುರ ಕಡೆಯ ಗಿಡ್ಡ ಆಳು. ಬೇಸಿಗೆಯಲ್ಲೂ ಕಂಕುಳಲ್ಲಿ ಛತ್ರಿ. ಕೋಥರೂಡದಿಂದ ಎರಡು ಬಸ್ ಬದಲಿಸಿ ಬರುವವರು, ಒಂದು ದಿನವೂ ಗಂಟೆಯ ನಂತರ ಬಂದವರಲ್ಲ. ಅಂಗಿಯ ಜೇಬಿನಲ್ಲಿ ಮೂರು ಪೆನ್ನು, ನೀಲಿ, ಕೆಂಪು, ಹಸಿರು. ಹಸಿರು ಶಾಯಿ ದೊಡ್ಡ ಸಾಹೇಬರು ಮಾತ್ರ ಬಳಸಬೇಕಂತೆ. ನಿಮಗ್ಯಾಕ್ರಿ ಅದು ಎಂದು ಕೇಳಿದರೆ, ನಾನು ಸಣ್ಣ ಮನಷ್ಯಾ ಅಂತ ಆ ಪೆನ್ನಿಗೆ ಇನ್ನೂ ಗೊತ್ತಿಲ್ಲ, ಅನ್ನುತ್ತಿದ್ದರು. ಮರಾಠಿ ಚೆನ್ನಾಗಿ ಬರುತ್ತಿತ್ತು, ಆದರೆ ಪ್ರತಿ ಮಾತಿನ ಕೊನೆಗೆ ನಮ್ಮ 'ರೀ' ಅಂಟಿಸದೆ ಬಿಡುತ್ತಿರಲಿಲ್ಲ. ದಿನಾ ಕೇಳಿ ಕೇಳಿ ಕೆಳಗಿನ ಮರಾಠಿ ಶಾಲೆಯ ಮುಖ್ಯ ಶಿಕ್ಷಕಿ ಹೆಡ್ ಬಾಯಿಯವರಿಗೂ ಅದು ಹತ್ತಿಕೊಂಡಿತು. ಒಮ್ಮೆ ಮೇಲಿನ ಕಚೇರಿಯ ಸಭೆಯಲ್ಲಿ ಅವರು ಸಾಹೇಬರಿಗೆ ಕೂಡಲು ಹೇಳುತ್ತ "ಬಸಾ ರೀ" ಅಂದು, ಆಮೇಲೆ ಒಂದು ವಾರ ಸರ್ ಜೊತೆ ಮಾತು ಬಿಟ್ಟಿದ್ದರಂತೆ.

ಸರಕಾರಗಳೆಲ್ಲ ಸರ್‌ಗೆ ಸಂಬಂಧಿಕರು. ಸಂಬಳ ಕೊಡುವ ಇಲ್ಲಿಯ ಕಚೇರಿ ಅಪ್ಪ. ಮುಂಬಯಿಯ ಸರಕಾರ ದೊಡ್ಡಪ್ಪ. ದಿಲ್ಲಿ ಸರಕಾರ ಸೋದರಮಾವ. ಅಪ್ಪ ಕೂಳು ಹಾಕುತ್ತಾನೆ, ಬೈಯುತ್ತಾನೆ. ದೊಡ್ಡಪ್ಪ ಬರೀ ಬೈಯುತ್ತಾನೆ. ಸೋದರಮಾವ ದೂರದಲ್ಲಿದ್ದಾನೆ, ಪ್ರೀತಿ ಇದೆ, ವರ್ಷಕ್ಕೊಮ್ಮೆ ಹೊಸ ಅಂಗಿ ಕಳಿಸುತ್ತಾನೆ, ಆದರೆ ಅಳತೆ ಕೇಳುವುದಿಲ್ಲ. ಇದನ್ನು ಅವರು ಮಕ್ಕಳಿಗೆ ನಾಗರಿಕ ಶಾಸ್ತ್ರದ ಪಾಠದಲ್ಲೇ ಹೇಳಿಬಿಟ್ಟಿದ್ದರು. ಪರೀಕ್ಷೆಯಲ್ಲಿ ಒಬ್ಬ ಹುಡುಗ, ಭಾರತದ ಸೋದರಮಾವ ದಿಲ್ಲಿಯಲ್ಲಿದ್ದಾನೆ ಎಂದು ಬರೆದ. ಸರ್ ಅದಕ್ಕೆ ಅರ್ಧ ಅಂಕ ಕೊಟ್ಟರು.

ಹೊಸ ಶತಮಾನ ಬಂದ ಮೇಲೆ ಸೋದರಮಾವನ ಪ್ರೀತಿ ಹೆಚ್ಚಾಯಿತು. ಎಲ್ಲ ಮಕ್ಕಳೂ ಓದಬೇಕು, ಅದಕ್ಕೆ ದಿಲ್ಲಿಯಿಂದ ನೇರ ಶಾಲೆಗೇ ರೊಕ್ಕ ಬರುತ್ತದೆ, ಅದನ್ನು ಹೇಗೆ ಬಳಸಬೇಕೆಂದು ಆ ಶಾಲೆಯ ಪಾಲಕರ ಸಮಿತಿಯೇ ತೀರ್ಮಾನಿಸಬೇಕು ಎಂದು ಆದೇಶ ಬಂತು. ಸಮಿತಿಯಲ್ಲಿ ಹೆಂಗಸರಿರಬೇಕು, ಪಾಲಕರೊಬ್ಬರು ಅಧ್ಯಕ್ಷರಾಗಬೇಕು. ಸರ್ ನಮ್ಮ ಓಣಿಗೆ ಬಂದು, ಮಷಿನ್ ಮುಂದೆ ಕೂತಿದ್ದ ನನಗೆ, ನಾಳೆಯಿಂದ ನೀವು ಅಧ್ಯಕ್ಷರು ಎಂದು ಹೇಳಿ, ಚಹಾ ಕುಡಿದು ಹೋದರು. ಅಂದಿನಿಂದ ಅವರ ಬಾಯಲ್ಲಿ ನನಗೆ ಬೇರೆ ಹೆಸರಿಲ್ಲ. ಎರಡು ಮಕ್ಕಳನ್ನು ಕಟ್ಟಿಕೊಂಡು ಸಂತೆಚೀಲ ಹಿಡಿದು ಹೊರಟಿದ್ದರೂ ರಸ್ತೆಯ ಆಚೆಯಿಂದ "ನಮಸ್ಕಾರ ಅಧ್ಯಕ್ಷರ" ಅನ್ನುವರು. ಓಣಿಯ ಹೆಂಗಸರು ತಿಂಗಳುಗಟ್ಟಲೆ ನನ್ನನ್ನು ಕಾಡಿದರು.

ಮೊದಲ ಸಲ ಒಂದು ಕಾಗದ ಮುಂದಿಟ್ಟಾಗ ಸಹಿ ಮಾಡಿ ಕೊಟ್ಟೆ. ಸರ್ ಅದನ್ನು ಎತ್ತಿಕೊಳ್ಳಲಿಲ್ಲ.

"ಓದಿದ್ರೇನು?"

"ನೀವು ಓದೀರಲ್ರಿ ಸರ್."

"ನಾನು ಉಂಡ್ರ ನಿಮ್ಮ ಹೊಟ್ಟಿ ತುಂಬ್ತದೇನು?"

ಮರಾಠಿ ಕಾಗದ, ನಾಲ್ಕು ಪುಟ. ಓದಿ ಮುಗಿಸಲು ಮಧ್ಯಾಹ್ನವೆಲ್ಲ ಹಿಡಿಯಿತು. ತಿಳಿಯದ ಶಬ್ದಕ್ಕೆ ಬೆರಳಿಟ್ಟರೆ ಅರ್ಥ ಹೇಳುವರು, ಇಲ್ಲದಿದ್ದರೆ ಸುಮ್ಮನೆ ಕೂಡುವರು. ಮುಗಿದ ಮೇಲೆ ಹೊಸ ಕಾಗದ ತೆಗೆದು ಮತ್ತೆ ಸಹಿ ಮಾಡಿಸಿದರು. ಮನೆಯಲ್ಲಿ ಆ ದಿನ ಅಡುಗೆ ತಡವಾಗಿ ಗಂಡನ ಕೂಡ ಜಗಳವಾಯಿತು.

ಓದಿದ್ದರಿಂದ ಒಂದು ಗೊತ್ತಾಯಿತು. ಸಮಿತಿಯೇ ತೀರ್ಮಾನಿಸಬೇಕು ಎಂದು ಮೊದಲ ಪುಟದಲ್ಲಿತ್ತು. ಏನೆಂದು ತೀರ್ಮಾನಿಸಬೇಕು ಎಂದು ಉಳಿದ ಮೂರು ಪುಟಗಳಲ್ಲಿತ್ತು.

ಆ ವರ್ಷದ ತೀರ್ಮಾನ ಗೋಡೆ. ಶಾಲೆಯ ಸುತ್ತ ಗೋಡೆ ಕಟ್ಟಬೇಕು, ಬೇರೆ ಯಾವುದಕ್ಕೂ ಆ ರೊಕ್ಕ ಮುಟ್ಟುವ ಹಾಗಿಲ್ಲ. ನಮ್ಮ ಕಟ್ಟಡಕ್ಕೆ ಮೊದಲೇ ಗೋಡೆ ಇತ್ತು. ಇಲ್ಲದ್ದು ಹುಡುಗಿಯರಿಗೆ ಸಂಡಾಸು. ದೊಡ್ಡ ಹುಡುಗಿಯರು ಅದೇ ಕಾರಣಕ್ಕೆ ಶಾಲೆ ಬಿಡುತ್ತಿದ್ದರು. ಸರ್ ಮೂರು ಪತ್ರ ಬರೆದರು. ಗೋಡೆ ಎಂದರೆ ಗೋಡೆ ಎಂದು ಉತ್ತರ ಬಂತು. ಸಮಿತಿಯ ಸಭೆಯಲ್ಲಿ ಮೂವತ್ತು ವರ್ಷ ಗೌಂಡಿ ಕೆಲಸ ಮಾಡಿದ ಶರಣಪ್ಪಣ್ಣ ಒಂದು ಮಾತು ಕೇಳಿದ. ಗೋಡೆ ನೆಟ್ಟಗೇ ಇರಬೇಕು ಅಂತ ಅದರಲ್ಲಿ ಬರೆದಿದೆಯಾ? ಸರ್ ಕನ್ನಡಕ ಒರೆಸಿ ನಾಲ್ಕೂ ಪುಟಗಳನ್ನು ಎರಡು ಸಲ ಓದಿದರು. ಬರೆದಿರಲಿಲ್ಲ.

ಎರಡು ಭಾನುವಾರ ಆರು ಜನ ಅಪ್ಪಂದಿರು ಸೇರಿ ಕಟ್ಟಿದರು. ಮೂಲೆಯಿಂದ ಹೊರಟ ಗೋಡೆ ಎಂಟು ಹೆಜ್ಜೆ ಹೋಗಿ ತಿರುಗಿತು, ಮತ್ತೆ ತಿರುಗಿತು, ಒಂದು ಬಾಗಿಲಿನಷ್ಟು ಜಾಗ ಬಿಟ್ಟು ನಿಂತಿತು. ಒಳಗೆ ಬೇಕಾದದ್ದನ್ನು ಶರಣಪ್ಪಣ್ಣ ತಾನು ಕೆಲಸ ಮಾಡುವ ಕಟ್ಟಡದ ಮಾಲೀಕರನ್ನು ಕೇಳಿ ತಂದ. ತಪಾಸಣೆಗೆ ಬಂದ ಸಾಹೇಬ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಇದೇನು ಎಂದು ಕೇಳಿದ. ಗೋಡೆ ರೀ, ಸ್ವಲ್ಪ ತಿರುಗಿದೆ, ಎಂದು ಸರ್ ಮರಾಠಿಯಲ್ಲಿ ಹೇಳಿದರು. ಸಾಹೇಬ ಬಹಳ ಹೊತ್ತು ಅವರ ಮುಖ ನೋಡಿದ. ಆ ಮುಖದಲ್ಲಿ ಏನೂ ಸಿಗುವುದಿಲ್ಲ ಎಂದು ನಾನು ಮೊದಲೇ ಹೇಳಬಹುದಿತ್ತು. ಗೋಡೆ ಪೂರ್ಣಗೊಂಡಿದೆ ಎಂದು ಬರೆದುಕೊಟ್ಟ. ಹೋಗುವ ಮುಂಚೆ, ಆ ಗೋಡೆಯನ್ನು ತಾನೂ ಒಮ್ಮೆ ಉಪಯೋಗಿಸಬಹುದೇ ಎಂದು ಮೆಲ್ಲಗೆ ಕೇಳಿದ.

ಹೀಗೆ ನಗುತ್ತ ನಡೆದಿತ್ತು. ನಗದೆ ಇದ್ದ ಒಂದು ವರ್ಷವನ್ನೂ ಹೇಳಬೇಕು.

ಸೆಪ್ಟೆಂಬರ್ ಕೊನೆಗೆ ಒಂದು ದಿನ ಎಲ್ಲ ಶಾಲೆಗಳ ಮಕ್ಕಳನ್ನು ಎಣಿಸುವುದು ದಿಲ್ಲಿಯ ನಿಯಮ. ಆ ಎಣಿಕೆಯ ಮೇಲೆ ಮುಂದಿನ ವರ್ಷದ್ದೆಲ್ಲ ನಿಂತಿರುತ್ತದೆ. ಆ ವರ್ಷ ಜೊತೆಗೆ ಇನ್ನೊಂದು ಮಾತು ಬಂತು. ಮೂವತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಯನ್ನು ಹತ್ತಿರದ ಶಾಲೆಗೆ ಸೇರಿಸಿಬಿಡುವುದು. ನಮ್ಮ ಪಟ್ಟಿಯಲ್ಲಿ ನಲವತ್ತಾರು ಹೆಸರಿದ್ದವು. ಆದರೆ ಆ ವರ್ಷ ಮಾರ್ನಮಿ, ಅಂದರೆ ಮಹಾಲಯ ಅಮಾವಾಸ್ಯೆ, ಬೇಗ ಬಂದಿತ್ತು. ಮಾರ್ನಮಿಗೆ ನಮ್ಮವರು ಪುಣೆಯಲ್ಲಿ ಇರುವುದಿಲ್ಲ. ಹಿರಿಯರಿಗೆ ಎಡೆ ಇಟ್ಟು, ನವರಾತ್ರಿಯ ಘಟ್ಟ ಹಾಕಿ, ದಸರೆಗೆ ಬನ್ನಿ ಕೊಟ್ಟುಕೊಂಡು, ಕೆಲವರು ದೀಪಾವಳಿಯನ್ನೂ ಮುಗಿಸಿಯೇ ಬರುತ್ತಾರೆ. ಕೆಲಸಕ್ಕೆ ಕರೆತಂದ ಮುಕಾದಮನೇ ಆಗ ಬೀಗ ಹಾಕಿ ಊರಿಗೆ ಹೋಗುತ್ತಾನೆ. ಹಿಂದಿನ ವರ್ಷಗಳಲ್ಲಿ ಹಬ್ಬ ತಡವಾಗಿ ಬರುತ್ತಿತ್ತು, ಎಣಿಕೆ ಮೊದಲೇ ಮುಗಿಯುತ್ತಿತ್ತು. ಈ ಸಲ ಎರಡೂ ಒಂದೇ ವಾರಕ್ಕೆ ಬಂದವು.

ಸರ್ ಛತ್ರಿ ಹಿಡಿದು ಮನೆಮನೆಗೆ ಹೋದರು. ಮೂರು ದಿನ ತಡೆದು ಹೋಗಿರಿ ಎಂದು ಬೇಡಿಕೊಂಡರು. ಹಿರಿಯರಿಗೆ ದಿಲ್ಲಿಯ ತಾರೀಖು ಹೇಳಿ ತಡೆಯಲು ಬರುತ್ತದೆಯೇ ಎಂದು ಒಬ್ಬ ಮುದುಕಿ ಕೇಳಿದಳಂತೆ. ಎಣಿಕೆಯ ದಿನ ಶಾಲೆಯಲ್ಲಿದ್ದ ಮಕ್ಕಳು ಹನ್ನೊಂದು. ಅದರಲ್ಲಿ ನನ್ನ ಮಗಳೂ ಒಬ್ಬಳು. ಆರನೆಯದರಲ್ಲಿದ್ದಳು.

ಎಣಿಸುವ ಸಾಹೇಬ ಮಧ್ಯಾಹ್ನ ಬರುವವನಿದ್ದ, ಎಣಿಕೆಯ ಫಾರ್ಮಿಗೆ ಸಹಿ ಮಾಡಲು ನಾನು ಮುಂಚೆಯೇ ಹೋಗಿದ್ದೆ. ಬೆಳಿಗ್ಗೆ ಕೆಳಗಿನ ಹೆಡ್ ಬಾಯಿ ಮೇಲೆ ಬಂದು, ತಮ್ಮ ಶಾಲೆಯ ಇಪ್ಪತ್ತೈದು ಮಕ್ಕಳನ್ನು ಒಂದು ತಾಸಿನ ಮಟ್ಟಿಗೆ ಕಳಿಸುತ್ತೇನೆ ಅಂದರು. ಮದುವೆಗೆ ಕುರ್ಚಿ ಎರವಲು ಕೊಡುವವರ ಹಾಗೆ ಬಹಳ ಸಹಜವಾಗಿ ಹೇಳಿದರು. ಒಳ್ಳೆಯ ಮನಸ್ಸಿನವರು. ನನಗೆ ಜೀವ ಬಂದ ಹಾಗಾಯಿತು. ಸರ್ ಮಾತ್ರ ಫಾರ್ಮು ನೋಡುತ್ತ ಕೂತರು. ಹೆಡ್ ಬಾಯಿ ಕೆಳಗೆ ಇಳಿದು ಹೋದ ಮೇಲೆ, ಬೇಡ ಅಂದರು.

ಶಾಲೆ ಮುಚ್ಚಿದರೆ ಮಗಳು ಮನೆಯಲ್ಲಿ ಕೂಡುವುದು ನಿಶ್ಚಿತವಿತ್ತು. ಮರಾಠಿ ಶಾಲೆಗೆ ಆರನೆಯದರಲ್ಲಿ ಹೋಗಿ ಸೇರಿದ ನಮ್ಮ ಹುಡುಗರು ತಿಂಗಳಲ್ಲಿ ಬಿಟ್ಟು ಬರುವುದನ್ನು ನೋಡಿದ್ದೆ. ಗಂಡ ಆಗಲೇ ಅವಳಿಗೆ ಊರಲ್ಲಿ ವರ ನೋಡುವ ಮಾತು ತೆಗೆದಿದ್ದರು. ಸರ್ ಮುಂದೆ ಎಂದೂ ದನಿ ಎತ್ತಿದವಳಲ್ಲ, ಅಂದು ಎತ್ತಿದೆ.

"ನಿಮ್ಮ ಮಗಳು ಇಂಗ್ಲಿಷ್ ಸಾಲಿಯೊಳಗ ಕಲ್ತಾಳ್ರಿ ಸರ್. ನನ್ನಾಕಿಗೆ ಇದೊಂದೇ ಅದ."

ಅವರು ಫಾರ್ಮನ್ನು ನನ್ನ ಕಡೆಗೆ ಸರಿಸಿದರು.

"ಖರೇ ಅದ ನೀವು ಹೇಳಿದ್ದು. ಸುಳ್ಳ ಬರದ್ರ ಈ ವರ್ಷ ಸಾಲಿ ಉಳೀತದ. ಆದ್ರ ಮಾರ್ನಮಿಗೆ ಎಣಸೂದು ತಪ್ಪು ಅಂತ ದಿಲ್ಲಿಯವ್ರಿಗೆ ಯಾವತ್ತೂ ಗೊತ್ತಾಗಂಗಿಲ್ಲ. ವರ್ಷಾ ವರ್ಷಾ ನಾವು ಮಕ್ಕಳ ಎರವಲು ತರಬೇಕು. ಅಧ್ಯಕ್ಷರು ನೀವು. ನೀವು ಹೇಳಿದಂಗ ಮಾಡ್ತೀನಿ, ಯಾರ ಮುಂದೂ ನಿಮ್ಮ ಹೆಸರ ತಗಿಯಂಗಿಲ್ಲ."

ಬೇಡ ಎಂದೇ ಹೇಳಿದ್ದರೆ ಸುಲಭವಿತ್ತು. ಅವರ ಮೇಲೆ ಸಿಟ್ಟು ಮಾಡಿ ಎದ್ದು ಬರುತ್ತಿದ್ದೆ. ನನ್ನ ಮೇಲೇ ಹಾಕಿದರು. ಕಿಟಕಿಯಿಂದ ನೋಡಿದೆ, ಕೆಳಗೆ ಮರಾಠಿ ಮಕ್ಕಳು ಸಾಲು ಮಾಡಿ ಮೆಟ್ಟಿಲ ಹತ್ತಿರ ನಿಂತುಬಿಟ್ಟಿದ್ದರು. ಒಳಗೆ ನಮ್ಮ ಹನ್ನೊಂದು ಮಕ್ಕಳು ಮಗ್ಗಿ ಹೇಳುತ್ತಿದ್ದರು. ಹನ್ನೊಂದು ಎಂದು ಬರೆದು ಸಹಿ ಮಾಡಿದೆ. ಪೆನ್ನನ್ನು ಮೇಜಿನ ಮೇಲೆ ಇಡಲಿಲ್ಲ, ಎಸೆದೆ. ದೀಪಾವಳಿಯವರೆಗೆ ಅವರ ಜೊತೆ ಮಾತಾಡಲಿಲ್ಲ. ಅವರು ಮಾತ್ರ ದಿನಾ ರಸ್ತೆಯ ಆಚೆಯಿಂದ ನಮಸ್ಕಾರ ಅನ್ನುವುದನ್ನು ಬಿಡಲಿಲ್ಲ.

ಆ ಸಂಜೆಯೇ ಸರ್ ದಿಲ್ಲಿಗೆ ಪತ್ರ ಬರೆದಿದ್ದರು. ಕಚೇರಿಗೆಂದು ಮರಾಠಿಯಲ್ಲಿ, ದಿಲ್ಲಿಗೆಂದು ಇಂಗ್ಲಿಷಿನಲ್ಲಿ, ನಮಗೆ ತಿಳಿಯಲೆಂದು ಕನ್ನಡದಲ್ಲಿ. ಪಟ್ಟಿಯಲ್ಲಿ ನಲವತ್ತಾರು ಮಕ್ಕಳಿದ್ದಾರೆ, ಹನ್ನೊಂದು ಮಕ್ಕಳನ್ನು ಬಿಟ್ಟು ಉಳಿದವರು ಹಬ್ಬಕ್ಕೆ ಊರಿಗೆ ಹೋಗಿದ್ದಾರೆ, ತಿರುಗಿ ಬರುತ್ತಾರೆ, ದಯವಿಟ್ಟು ಇನ್ನೊಂದು ದಿನ ಎಣಿಸಿ, ಆ ದಿನ ಯಾವುದೆಂದು ತಿಳಿಸಿ. ಇಷ್ಟೇ.

ಉತ್ತರ ಬರಲಿಲ್ಲ. ಬರದೆ ಇದ್ದದ್ದೇ ನಮ್ಮನ್ನು ಕಾಯಿತು. ಕಚೇರಿಯ ಸಾಹೇಬ ಫೈಲು ತೆರೆದಾಗಲೆಲ್ಲ ಅದರಲ್ಲಿ ದಿಲ್ಲಿಗೆ ಹೋದ ಪತ್ರ ಕಾಣುವುದು. ದಿಲ್ಲಿಗೆ ಹೋದ ವಿಷಯ, ಉತ್ತರ ಬಂದ ಮೇಲೆ ನೋಡೋಣ ಎಂದು ಬರೆದು ಫೈಲು ಕಟ್ಟಿಡುವನು. ಹೀಗೆ ಎರಡು ವರ್ಷ ಕಳೆದವು. ಅಂಚೆಯವನು ಮೆಟ್ಟಿಲು ಹತ್ತಿದರೆ ಸರ್ ಎದೆ ಹಿಡಿದುಕೊಳ್ಳುತ್ತಿದ್ದರು. ಮಾವಗ ಲಗೂ ಉತ್ತರ ಬರಿ ಅಂತ ಪತ್ರ ಹಾಕಿ, ಬರೀಬ್ಯಾಡಪಾ ಅಂತ ದೇವರಿಗೆ ಹರಕಿ ಹೊತ್ತೀನಿ, ಅನ್ನುತ್ತಿದ್ದರು. ಅಷ್ಟರಲ್ಲಿ ಮಗಳು ಏಳನೆಯದು ಮುಗಿಸಿದಳು. ಸರ್ ತಮ್ಮ ಪರಿಚಯದ ಮೇಲೆ ಅವಳನ್ನು ಕನ್ನಡದ ಒಂದು ಹೈಸ್ಕೂಲಿಗೆ ಸೇರಿಸಿದರು. ಅದೇ ವರ್ಷ ನಿವೃತ್ತರಾದರು.

ಅವರು ನಿವೃತ್ತರಾದ ಮರುವರ್ಷ ಶಾಲೆಯನ್ನು ಕೆಳಗಿನ ಶಾಲೆಗೆ ಸೇರಿಸಿದರು. ಪತ್ರದ ನೆನಪು ಯಾರಿಗೂ ಉಳಿದಿರಲಿಲ್ಲ. ಶರಣಪ್ಪಣ್ಣ ಮಗರಪಟ್ಟಾದಲ್ಲಿ ವಾಚ್‌ಮನ್ ಆದ. ತಿರುಗಿದ ಗೋಡೆ ಮಾತ್ರ ಇದೆ, ಮರಾಠಿ ಶಾಲೆಯ ಹುಡುಗಿಯರು ಬಳಸುತ್ತಾರೆ.

ಈ ವರ್ಷ ಶ್ರಾವಣದಲ್ಲಿ ಕೆಳಗಿನ ಹೆಡ್ ಬಾಯಿ ಹೇಳಿ ಕಳಿಸಿದರು. ಕನ್ನಡ ಶಾಲೆಯ ಸಮಿತಿಯ ಅಧ್ಯಕ್ಷರಿಗೆ ಎಂದು ಒಂದು ಲಕೋಟೆ ಬಂದಿದೆ, ಇಟ್ಟುಕೊಳ್ಳಲೂ ಬಾರದು, ಎಸೆಯಲೂ ಬಾರದು. ದಿಲ್ಲಿಯ ಲಕೋಟೆ. ಹಿಂದಿಯಲ್ಲಿತ್ತು. ಮರಾಠಿ ಓದಿ ಓದಿ ಆ ಅಕ್ಷರ ಕಲಿತಿದ್ದೆನಲ್ಲ, ಅಲ್ಲೇ ನಿಂತು ಓದಿದೆ. ಸ್ಥಳೀಯ ಹಬ್ಬಗಳನ್ನು ಗಮನಿಸಿ, ಎಣಿಕೆಗೆ ಅನುಕೂಲವಾದ ದಿನವನ್ನು ಶಾಲೆಯ ಸಮಿತಿಯೇ ತೀರ್ಮಾನಿಸಬಹುದು ಎಂದಿತ್ತು.

ಲಕೋಟೆ ಹಿಡಿದು ಎರಡು ಬಸ್ ಬದಲಿಸಿ ಕೋಥರೂಡಕ್ಕೆ ಹೋದೆ. ಸರ್ ಹಾಸಿಗೆ ಹಿಡಿದಿದ್ದರು. ಎದೆಯ ಕಾಯಿಲೆ, ಡಾಕ್ಟರು ಕೈ ಬಿಟ್ಟಿದ್ದಾರೆ ಎಂದು ಅವರ ಮನೆಯವರು ಅಡುಗೆಮನೆಯಲ್ಲಿ ಹೇಳಿದರು. ಕಣ್ಣೂ ಮಂಜಾಗಿತ್ತು. ಪತ್ರವನ್ನು ಎರಡು ಸಲ ಓದಿಸಿಕೊಂಡು, ಐದು ವರ್ಷದ ಮ್ಯಾಲ ಮಾವ ಅಳತಿ ಕೇಳ್ಯಾನ, ಕೂಸು ಎಲ್ಲ್ಯದ, ಅಂದರು. ಅವರ ಮನೆಯವರು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ, ಕಾಗದ ತಗೊಳ್ರಿ, ಉತ್ತರ ಬರೀಬೇಕು, ಅಂದರು. ನನಗೆ ಅಳುವೇ ಬಂತು.

"ಸಾಲೀನೇ ಇಲ್ಲಲ್ರಿ ಸರ್. ಸಮಿತೀನೂ ಇಲ್ಲ."

"ಸಮಿತಿ ಮುಗೀತು ಅಂತ ನಿಮಗ ಯಾರರ ಬರದು ಕೊಟ್ಟಾರೇನು?"

"ಇಲ್ರಿ."

"ಹಂಗಾದ್ರ ನೀವು ಅಧ್ಯಕ್ಷರ. ಬರೀರಿ."

ಕನ್ನಡದಲ್ಲೇ ಬರೆಸಿದರು. ದಿಲ್ಲಿಯಲ್ಲಿ ಓದುವವರನ್ನು ಅವರೇ ಹುಡುಕಿಕೊಳ್ಳಲಿ ಅಂದರು. ತಮ್ಮ ಪತ್ರ ಮುಟ್ಟಿತು. ನಮ್ಮವರು ಊರಿನಿಂದ ತಿರುಗಿ ಬಂದ ಮೇಲೆ, ದೀಪಾವಳಿ ಮುಗಿದ ಮೊದಲ ಸೋಮವಾರ ಎಣಿಸಬೇಕೆಂದು ಸಮಿತಿ ತೀರ್ಮಾನಿಸಿದೆ. ಆ ದಿನ ಕಂಡ ಮಕ್ಕಳ ಸಂಖ್ಯೆ... ಅಲ್ಲಿಗೆ ನಿಲ್ಲಿಸಿ, ಜಾಗ ಬಿಡಿರಿ, ಎಣಿಸದೆ ಬರೆಯಬಾರದು, ಅಂದರು. ಏದುಸಿರು ಬಂದಿತ್ತು. ಬನ್ನಿ ಹಬ್ಬದ ಮರುದಿನ ತೀರಿಕೊಂಡರು.

ದೀಪಾವಳಿ ಮುಗಿಯಿತು. ಆ ಸೋಮವಾರ ಮಷಿನ್‌ಗೆ ಬಟ್ಟೆ ಹೊದಿಸಿ, ಬೆಳಿಗ್ಗೆಯೇ ಹೊರಟೆ. ಮೊದಲು ನಮ್ಮ ಓಣಿಗಳು, ಆಮೇಲೆ ನದಿಯ ಕಡೆಯ ಕಟ್ಟಡಗಳ ಕೆಳಗೆ ಹಾಕಿಕೊಂಡ ತಗಡಿನ ಶೆಡ್ಡುಗಳು. ಶಾಲೆಗೆ ಹೋಗುವ ವಯಸ್ಸಿನ ನಮ್ಮ ಕನ್ನಡದ ಮಕ್ಕಳು, ಕಣ್ಣಾರೆ ಕಂಡವರು ಮಾತ್ರ. ಮರಾಠಿ ಶಾಲೆಯ ಹಿಂದಿನ ಬೆಂಚಿಗೆ ಹೋಗಿ ಬರುವವರಿದ್ದರು. ಯಾವುದಕ್ಕೂ ಹೋಗದೆ ತಮ್ಮಂದಿರನ್ನು ನೋಡಿಕೊಳ್ಳುವವರು ಹೆಚ್ಚಿದ್ದರು. ಹೆಸರು ಕೇಳಿ ಒಂದೊಂದಾಗಿ ಬರೆದುಕೊಂಡೆ. ಸಂಜೆಗೆ ಅರವತ್ತಮೂರಾದವು.

ಕೊನೆಯ ಶೆಡ್ಡಿನಲ್ಲಿ ಒಬ್ಬಳು ಹುಡುಗಿಯಂಥ ತಾಯಿ, ಕಂಕುಳಲ್ಲಿ ಕೂಸು. ಏನು ಬರೆಯುತ್ತಿದ್ದೀರಿ ಎಂದು ಕೇಳಿದಳು. ಹೇಳಿದೆ. ನಕ್ಕಳು.

"ಈಕಿನೂ ಬರ್ಕೋರಿ ಅಕ್ಕಾ. ದಿಲ್ಲಿಯಿಂದ ಉತ್ತರ ಬರೂದರಾಗ ಸಾಲಿಗಿ ಹೋಗೂವಷ್ಟು ಆಗಿರ್ತಾಳ."

ಆ ಕೂಸಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಬರೆದುಕೊಳ್ಳಲಿಲ್ಲ. ಪತ್ರದಲ್ಲಿ ಬಿಟ್ಟ ಜಾಗದಲ್ಲಿ ಅರವತ್ತಮೂರು ಎಂದು ತುಂಬಿ, ಸಹಿ ಮಾಡಿದೆ. ಕೂಸಿನ ಹೆಸರು ಮಾತ್ರ ಕೇಳಿಕೊಂಡು ಬಂದೆ.